ಧಣಿಯ ಅಕ್ಕನ ಬುಟ್ಟಿ

ಆಕ್ಟೇವಿಯಾ ಬರ್ಹೋಪ್ ಕರುಣೆಯಿಲ್ಲದ ಹೆಂಗಸು. ಯಾರ್ಸ್‌ಲಿ ಊರಿನವರೆಲ್ಲ ಹಾಗೆ ಹೇಳುತ್ತಿದ್ದರು. ಊರು ಎಷ್ಟೋ ವಿಷಯಗಳಲ್ಲಿ ತಪ್ಪು ಮಾತಾಡುತ್ತದೆ, ಈ ವಿಷಯದಲ್ಲಿ ಹೆಚ್ಚು ತಪ್ಪಿರಲಿಲ್ಲ. ಅವಳ ತಮ್ಮ ಲಯನೆಲ್ ಬರ್ಹೋಪ್ ಆ ಸೀಮೆಯ ಧಣಿ. ಇಪ್ಪತ್ತೆರಡು ವರ್ಷ ಪಾರ್ಲಿಮೆಂಟಿನಲ್ಲಿ ಕೂತವನು. ದಾರಿಯಲ್ಲಿ ಸಿಕ್ಕ ಮಕ್ಕಳ ಕೆನ್ನೆ ತಟ್ಟುವನು, ಮುದುಕಿಯರಿಗೆ ಟೋಪಿ ತೆಗೆಯುವನು. ತಮ್ಮ ಬೆಣ್ಣೆ, ಅಕ್ಕ ಕತ್ತಿ ಎಂದು ಜನ ಆಡಿಕೊಳ್ಳುತ್ತಿದ್ದರು. ಬೆಣ್ಣೆಯನ್ನು ರೊಟ್ಟಿಗೆ ಹಚ್ಚುವುದಕ್ಕೂ ಕತ್ತಿಯೇ ಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಅವಳು ಸತ್ತ ದಿನ ಚರ್ಚಿನ ಗಂಟೆ ವಯಸ್ಸಿಗೊಂದರಂತೆ ಐವತ್ತೊಂಬತ್ತು ಸಲ ಬಡಿಯಿತು. ಬಾವಿಕಟ್ಟೆಯಲ್ಲಿ ನಿಂತು ಎಣಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ಇನ್ನೊಂದೆರಡು ಹೆಚ್ಚಾಗೇ ಬಡೀರಪ್ಪ, ಮತ್ತೆ ಎದ್ದು ಬಂದಾಳು" ಎಂದಳಂತೆ. ಉಳಿದವರು ನಕ್ಕರಂತೆ. ಲಯನೆಲ್ ಮಾತ್ರ ಗೋರಿಯ ಬಳಿ ಬಹಳ ಅತ್ತ. ಅವನಿಗೆ ಅಳುವುದು ಯಾವಾಗಲೂ ಸುಲಭವಾಗಿತ್ತು.

ಅವಳ ಹೆಸರಿನಿಂದಲೇ ಕಥೆ ಶುರುಮಾಡಬೇಕು. ಹಿರಿಯ ಬರ್ಹೋಪ್‌ಗೆ ಸಾಲಾಗಿ ಏಳು ಹೆಣ್ಣು. ಎಂಟನೆಯದೂ ಹೆಣ್ಣೆಂದು ಸೂಲಗಿತ್ತಿ ಬಂದು ಹೇಳಿದಾಗ ಅವನು ಊಟದ ಮೇಜಿನಿಂದ ಏಳಲಿಲ್ಲ. ಹೆಸರು ಕೇಳಲು ಬಂದ ಪಾದ್ರಿಗೆ, "ನಿಮಗೆ ತೋಚಿದ್ದು ಇಡಿ" ಅಂದ. ಪಾದ್ರಿ ಲ್ಯಾಟಿನ್ ಬಲ್ಲವನು, ಎಂಟನೆಯವಳು ಎಂಬರ್ಥ ಬರುವ ಹೆಸರಿಟ್ಟ. ಎರಡು ವರ್ಷ ಕಳೆದು ಲಯನೆಲ್ ಹುಟ್ಟಿದಾಗ ಇಡೀ ಎತ್ತನ್ನು ಸುಟ್ಟು ಊರಿಗೆ ಹಂಚಿದರು. ಸೇಬಿನ ಸೈಡರ್ ಪೀಪಾಯಿಗಳನ್ನು ಅಂಗಳಕ್ಕೇ ಉರುಳಿಸಿದರು.

ತಾಯಿಗೆ ಹಾಲು ಬರಲಿಲ್ಲ. ನೆದರ್‌ವುಡ್ ಜಮೀನಿನ ಒಕ್ಕಲಿನ ಹೆಂಡತಿ ಮಿಸೆಸ್ ಪ್ರೀಸ್ ತನ್ನ ನಾಲ್ಕು ವಾರದ ಕೂಸನ್ನು ಎತ್ತಿಕೊಂಡು ದೊಡ್ಡ ಮನೆಗೆ ಬಂದಳು. ಧಣಿಯ ಮಗ ಮೊದಲು ಕುಡಿಯುತ್ತಿದ್ದ. ಅವಳ ಮಗ ಏಬಲ್‌ಗೆ ಉಳಿದದ್ದು, ಉಳಿಯದ ದಿನ ನೀರು ಗಂಜಿ. ಇಬ್ಬರೂ ಬದುಕಿದರು. ಲಯನೆಲ್ ದುಂಡಗಾದ, ಏಬಲ್ ಗಿಡ್ಡಗೆ ಗಟ್ಟಿಯಾದ.

ಮೂವರೂ ಒಟ್ಟಿಗೇ ಬೆಳೆದರು. ಗಂಡು ಮಕ್ಕಳ ಬೆನ್ನು ಹತ್ತಿ ಹೊಲ ಸುತ್ತುತ್ತಿದ್ದ ಆಕ್ಟೇವಿಯಾಳನ್ನು ಬೇಡ ಎನ್ನುವಷ್ಟು ಆಸಕ್ತಿ ಅವಳ ಬಗ್ಗೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೊಲಕ್ಕೆ ತಂತಿಯ ಉರುಲು ಕಟ್ಟುವುದನ್ನು ಏಬಲ್ ಇಬ್ಬರಿಗೂ ಕಲಿಸಿದ. ಹಿಡಿದದ್ದನ್ನು ಸುಲಿದು ಹದ ಮಾಡುವುದನ್ನು ನೆದರ್‌ವುಡ್‌ನ ಅಡುಗೆಮನೆಯಲ್ಲಿ ಏಬಲ್‌ನ ತಾಯಿ ಕಲಿಸಿದಳು. ಆಕ್ಟೇವಿಯಾಗೆ ಹನ್ನೊಂದಾದಾಗ, ಧಣಿ ತನ್ನ ಬೇಟೆಗೆಂದೇ ಕಾಪಾಡಿದ್ದ ತೋಪಿನಲ್ಲಿ ಒಂದು ಉರುಲು ಸಿಕ್ಕಿತು. ಕಟ್ಟಿದವನು ಲಯನೆಲ್. ಹಿರಿಯ ಬರ್ಹೋಪ್ ಹುಡುಗರನ್ನು ಲಾಯದ ಅಂಗಳದಲ್ಲಿ ನಿಲ್ಲಿಸಿ ಯಾರದು ಎಂದು ಕೇಳಿದ. ಲಯನೆಲ್ ತನ್ನ ಬೂಟು ನೋಡಿಕೊಂಡ. ಏಬಲ್ ಲಯನೆಲ್‌ನನ್ನು ನೋಡಿದ. ಕುದುರೆ ಚಾವಟಿಯ ಪೆಟ್ಟು ಬಿದ್ದದ್ದು ಏಬಲ್ ಬೆನ್ನಿಗೆ. ಅದೇ ವಾರ ಲಯನೆಲ್‌ಗೆ ಸವಾರಿ ಕಲಿಯಲು ಹೊಸ ಕುದುರೆಮರಿ ಬಂತು.

ಮೇಲಿನ ಕಿಟಕಿಯಿಂದ ಆಕ್ಟೇವಿಯಾ ಎಲ್ಲವನ್ನೂ ನೋಡಿದಳು. ನಿಜ ಅವಳಿಗೆ ಗೊತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೆಂಬ ಖಾತರಿಯೂ ಇಲ್ಲ.

ಬರ್ಹೋಪ್ ಮನೆತನಕ್ಕೆ ಪಾರ್ಲಿಮೆಂಟಿನ ಜಾಗ ಚರ್ಚಿನಲ್ಲಿ ತಮಗೆಂದೇ ಬಾಗಿಲು ಹಾಕಿ ಮೀಸಲಿಟ್ಟ ಬೆಂಚಿನ ಹಾಗೆ, ಅಪ್ಪ ಎದ್ದರೆ ಮಗ ಕೂರಬೇಕು. ಲಯನೆಲ್ ಕೂತಾಗ ಅವನಿಗೆ ಇಪ್ಪತ್ತೆಂಟು. ಹೆಂಡತಿ ಜಾರ್ಜಿಯಾನಾ ಮೊದಲ ಮಗ ಹುಟ್ಟಿದ ಮೇಲೆ ಕೆಮ್ಮು ಎಂದು ಸಮುದ್ರದ ಗಾಳಿಗೆ ಟಾರ್ಕಿ ಊರಿಗೆ ಹೋದಳು. ಕೆಮ್ಮು ನಿಂತ ಮೇಲೂ ಗಂಡನ ಮನೆಗೆ ಬರಲಿಲ್ಲ. ಚುನಾವಣೆಯೆಂದರೆ ನೂರಾರು ಜನರಿಗೆ ಊಟ, ಸಾವಿರಾರು ಕಾಗದ, ಮನೆಮನೆಗೆ ಭೇಟಿ. ಯಾರಾದರೂ ನಡೆಸಬೇಕಲ್ಲ.

ಆಗ ಆಕ್ಟೇವಿಯಾಗೆ ಮದುವೆಯ ಮಾತಾಗಿತ್ತು. ಪಕ್ಕದ ಊರಿನ ಕಿರಿಯ ಪಾದ್ರಿ, ಎತ್ತರದ, ಬಡವ, ಪುಸ್ತಕ ಓದುವವನು. "ಈ ಚುನಾವಣೆ ಒಂದು ಮುಗೀಲಿ ಟೇವಿ" ಎಂದ ಲಯನೆಲ್. ಮುಗಿಯಿತು. ಇನ್ನೊಂದು ಬಂತು. ಕಿರಿಯ ಪಾದ್ರಿ ಐದು ವರ್ಷ ಕಾದು ಕೆನಡಾಕ್ಕೆ ಹಡಗು ಹತ್ತಿದ. ಅಲ್ಲಿ ಅವನು ಮದುವೆಯಾದ ಕಾಗದ ಬೆಳಗಿನ ತಿಂಡಿಯ ಹೊತ್ತಿಗೆ ಬಂತು. ಅವಳು ಕಾಗದವನ್ನು ಮಡಚಿಟ್ಟು ಎರಡನೆಯ ಮೊಟ್ಟೆಯನ್ನೂ ತಿಂದಳು. ಬಡಿಸುತ್ತಿದ್ದ ಆಳು ಅದನ್ನು ಊರಿಗೆಲ್ಲ ಹೇಳಿದ. ಕರುಳಿಲ್ಲದ ಹೆಂಗಸು ಎಂಬ ಮಾತಿಗೆ ಇದೂ ಒಂದು ಸಾಕ್ಷಿಯಾಯಿತು.

ಅಂದಿನಿಂದ ಧಣಿಯ ಕೈ ಎಂದರೆ ಅವಳ ಕೈ. ಪಾರ್ಲಿಮೆಂಟಿನಲ್ಲಿ ಲಯನೆಲ್ ಮೂರು ಸಲ ಮಾತಾಡಿದ, ಮೂರನ್ನೂ ಅವಳೇ ಬರೆದುಕೊಟ್ಟಿದ್ದಳು. ಒಕ್ಕಲುಗಳಿಗೆ ಹೋಗುವ ಕಾಗದ ಅವಳು ಬರೆಯುವಳು, ಅವನು ಓದದೆ ಸಹಿ ಹಾಕುವನು. ಹೊಸ ಹೆಂಚು ಹಾಕಿಸುತ್ತೇವೆ ಎಂಬ ಕಾಗದವಾದರೆ ತಾನೇ ಹೋಗಿ ಕೊಟ್ಟು ಬರುವನು. ಜಮೀನು ಬಿಡು ಎಂಬ ಕಾಗದವಾದರೆ ಅವಳು ಒಯ್ಯುವಳು.

ಗುರುವಾರ ಗುರುವಾರ ಅವಳು ದೊಡ್ಡ ಬೆತ್ತದ ಬುಟ್ಟಿ ಹಿಡಿದು ಊರು ಸುತ್ತುತ್ತಿದ್ದಳು. ಬಾಣಂತಿಗೆ ಫ್ಲಾನೆಲ್ ಬಟ್ಟೆ, ಕಾಯಿಲೆಯವರಿಗೆ ಮಾಂಸದ ಸಾರು. ಕೊಡುವಾಗ ಕಣ್ಣು ಕೆಲಸ ಮಾಡುತ್ತಿತ್ತು. ಯಾರ ಮನೆಯಲ್ಲಿ ಧಣಿಗೆ ಹೇಳದೆ ಕೇಳದೆ ನೆಂಟರು ಕೂತಿದ್ದಾರೆ, ಯಾರ ಹಿತ್ತಲಲ್ಲಿ ಧಣಿಯ ತೋಪಿನ ಸೌದೆ ಇದೆ, ಎಲ್ಲ ಬುಟ್ಟಿಯೊಂದಿಗೆ ವಾಪಸು ಬರುತ್ತಿತ್ತು. "ಬುಟ್ಟಿ ಬಂತು, ಮುಚ್ಚಿಡ್ರೋ" ಎಂದು ಮಕ್ಕಳು ಮುಂದಾಗಿ ಓಡುತ್ತಿದ್ದರು.

ಇನ್ನು ವೋಟಿನ ದಿನ. ಆಗ ವೋಟು ಗುಟ್ಟಾಗಿರಲಿಲ್ಲ. ಬ್ರಾಮ್‌ಫರ್ಡ್ ಪೇಟೆಯ ಚೌಕದಲ್ಲಿ ಮರದ ಅಟ್ಟಣೆ ಕಟ್ಟುತ್ತಿದ್ದರು. ಒಬ್ಬೊಬ್ಬನೂ ಹತ್ತಿ, ಧಣಿಯ ಎದುರಿಗೆ, ಊರಿನ ಎದುರಿಗೆ, ತನ್ನ ಹೆಸರು ಹೇಳಿ, ಯಾರಿಗೆ ವೋಟು ಎಂದು ಬಾಯಿಬಿಟ್ಟು ಕೂಗಬೇಕು. ಗುಮಾಸ್ತ ಬರೆದುಕೊಳ್ಳುವನು. ಎದುರಿನ ಹೋಟೆಲಿನ ಮಹಡಿಯ ಕಿಟಕಿಯಲ್ಲಿ ಆಕ್ಟೇವಿಯಾ ಕೂತು ತನ್ನ ಪಟ್ಟಿಯಲ್ಲಿ ಗುರುತು ಹಾಕುವಳು. ಅಟ್ಟಣೆ ಹತ್ತಿದವನು ಮೊದಲು ಆ ಕಿಟಕಿಯತ್ತ ನೋಡಿಯೇ ಬಾಯಿ ತೆರೆಯುತ್ತಿದ್ದ. ಹದಿನಾರು ವರ್ಷಗಳಲ್ಲಿ ಬರ್ಹೋಪ್ ಒಕ್ಕಲುಗಳಲ್ಲಿ ಒಬ್ಬನೂ ತಪ್ಪು ಹೆಸರು ಹೇಳಿರಲಿಲ್ಲ.

ಸಾವಿರದ ಎಂಟುನೂರ ಅರವತ್ತೆಂಟರ ನವೆಂಬರಿನಲ್ಲಿ ಎದುರು ನಿಂತವನು ತೊಗಲು ವ್ಯಾಪಾರಿ ಕ್ರಾಡಕ್. ಹೊಲ ತಿನ್ನುವ ಮೊಲವನ್ನು ಒಕ್ಕಲು ಕೊಲ್ಲಬಹುದು ಎಂಬ ಕಾನೂನು ತರಿಸುತ್ತೇನೆ ಎಂದು ಸಾರಿಕೊಂಡು ಬಂದಿದ್ದ. ಆ ಕಡೆ ಇದು ಸಣ್ಣ ಮಾತಲ್ಲ. ಹೊಲ ಒಕ್ಕಲಿನದಾದರೂ ಅದರಲ್ಲಿ ಮೇಯುವ ಮೊಲ ಧಣಿಯದು. ತನ್ನ ಬೆಳೆಯಲ್ಲಿ ಕೂತ ಮೊಲವನ್ನು ಒಕ್ಕಲು ಮುಟ್ಟಿದರೆ ಜೈಲು, ಜಮೀನೂ ಹೋಯಿತು. ಕ್ರಿಸ್‌ಮಸ್‌ಗೆ ಧಣಿ ಒಂದೊಂದು ಮೊಲವನ್ನು ಚೀಟಿ ಕಟ್ಟಿ ಕಳುಹಿಸುವನು. "ವರ್ಷವೆಲ್ಲ ನನ್ನ ಗಡ್ಡೆ ತಿಂದು ಕೊಬ್ಬಿದ್ದನ್ನ ನನಗೇ ದಾನ ಕೊಡ್ತಾರೆ, ಮೇಲೆ ವಂದನೆ ಬೇರೆ ಹೇಳಬೇಕು" ಎಂದು ಏಬಲ್ ಪ್ರೀಸ್ ಹೇಳುತ್ತಿದ್ದನಂತೆ. ಆ ಹೊತ್ತಿಗೆ ನೆದರ್‌ವುಡ್ ಅವನ ಕೈಗೆ ಬಂದಿತ್ತು, ತಾತನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ.

ಬೆಳಿಗ್ಗೆ ಒಕ್ಕಲುಗಳೆಲ್ಲ ಧಣಿಯ ಪಕ್ಷದ ನೀಲಿ ಪಟ್ಟಿ ಕಟ್ಟಿಕೊಂಡು ಅವನ ಬಂಡಿಗಳಲ್ಲೇ ಬಂದರು. ಗೋಮಾಂಸ, ರೊಟ್ಟಿ, ಸೈಡರ್ ಆಯಿತು. ಲಯನೆಲ್ ಅಟ್ಟಣೆಯ ಮೇಲಿಂದ ಪ್ರತಿ ಸಲದ ಹಾಗೆ ಎದೆಹಾಲಿನ ಕಥೆ ಹೇಳಿದ. ತಾನು ಒಕ್ಕಲಿತಿಯ ಹಾಲು ಕುಡಿದು ಬೆಳೆದವನು, ಏಬಲ್ ಪ್ರೀಸ್ ತನ್ನ ಹಾಲುಸೋದರ, ಇಂಥ ನಂಟನ್ನು ತೊಗಲು ವ್ಯಾಪಾರಿ ಬಲ್ಲನೇ ಎಂದ. ಜನ ಚಪ್ಪಾಳೆ ತಟ್ಟಿದರು. ಅವನ ಕಣ್ಣು ತುಂಬಿತು.

ಹತ್ತು ನಿಮಿಷ ಬಿಟ್ಟು ಏಬಲ್ ಹತ್ತಿದ. ಕಿಟಕಿಯತ್ತ ನೋಡಲಿಲ್ಲ.

"ಏಬಲ್ ಪ್ರೀಸ್. ನೆದರ್‌ವುಡ್. ಕ್ರಾಡಕ್‌ಗೆ."

ಗುಮಾಸ್ತನ ಲೇಖನಿ ನಿಂತಿತು. "ಯಾರಿಗೆ ಅಂದೆ?"

"ಕಿವಿ ಹೋಯ್ತಾ? ಕ್ರಾಡಕ್‌ಗೆ."

ಲಯನೆಲ್ ಎರಡು ಕೈ ಚಾಚಿ ಮುಂದೆ ಬಂದ. "ಏಬಲ್! ಏನಪ್ಪಾ ಇದು? ನಾವಿಬ್ರೂ ಒಂದೇ ಹಾಲು ಕುಡಿದವರಲ್ವೇನೋ?"

"ಹೌದು ಧಣಿ. ಹಾಲು ನಮ್ಮವ್ವಂದು. ಆಗ ನನ್ನ ಪಾಲು ನೀವು ಕುಡಿದ್ರಿ, ಈಗ ನಿಮ್ಮ ಮೊಲ ತಿಂತಾವೆ."

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ಚೌಕವೇ ನಕ್ಕಿತು. ನೀಲಿ ಪಟ್ಟಿ ಕಟ್ಟಿದವರೂ ನಕ್ಕರು. ಆಕ್ಟೇವಿಯಾ ಪಟ್ಟಿಯಲ್ಲಿ ಏಬಲ್ ಹೆಸರಿನ ಮುಂದೆ ಸಣ್ಣ ಗುರುತೊಂದನ್ನು ಹಾಕಿ, ಅದು ಒಣಗುವ ತನಕ ಕಾದು, ಮುಂದಿನ ಹೆಸರಿಗೆ ಹೋದಳು.

ಲಯನೆಲ್ ನೂರ ಎಪ್ಪತ್ತು ವೋಟಿನಿಂದ ಗೆದ್ದ. ಸಂಜೆ ಊಟಕ್ಕೆ ಕೂತಾಗ ಮಾಂಸ ಕೊಯ್ಯುತ್ತ ಅವನು ಮಾತು ತೆಗೆದ.

"ಎಲ್ಲರ ಎದುರಿಗೆ ಹಾಗಂದ, ಟೇವಿ."

"ಅಂದ."

"ಇವತ್ತು ಜನ ಏನು ಮಾತಾಡ್ಕೊಂಡು ಮನೆಗೆ ಹೋದ್ರು? ನನ್ನ ಗೆಲುವನ್ನಾ?"

"ಮೊಲದ ಮಾತನ್ನ."

ಅವನು ಚಾಕು ಕೆಳಗಿಟ್ಟ. "ನೆದರ್‌ವುಡ್‌ಗೆ ಬೇರೆ ಯಾರನ್ನಾದ್ರೂ ನೋಡ್ಬೇಕು."

"ನೋಟೀಸು ಬರೀಲಾ?"

"ಅಯ್ಯೋ, ಹಾಗಲ್ಲ. ವೋಟಿಗೋಸ್ಕರ ಬಿಡಿಸಿದ ಅಂತ ಆಗಬಾರದು. ವೇಲ್ಸ್ ಕಡೆ ಹಾಗೆ ಮಾಡಿದವರ ಹೆಸರೆಲ್ಲ ಪೇಪರಿನಲ್ಲಿ ಹಾಕ್ತಿದ್ದಾರೆ. ಏನಾದ್ರೂ ಕಾರಣ ಬೇಕು. ಮರ್ಯಾದೆಯ ಕಾರಣ. ನೀನು ಒಂದು ಕಣ್ಣಿಡು. ನನಗೆ ಇಂಥದ್ದೆಲ್ಲ ಆಗಲ್ಲ, ಗೊತ್ತಲ್ಲ ನಿನಗೆ."

ಗೊತ್ತಿತ್ತು. ಆ ಸೀಮೆಯಲ್ಲಿ ಜಮೀನಿನ ವರ್ಷ ಫೆಬ್ರವರಿಯ ಕ್ಯಾಂಡಲ್‌ಮಾಸ್ ಹಬ್ಬಕ್ಕೆ ತಿರುಗುತ್ತದೆ. ಬಿಡಿಸಬೇಕಾದರೆ ಆರು ತಿಂಗಳು ಮುಂಚೆ, ಆಗಸ್ಟ್ ಒಂದರ ಲ್ಯಾಮಸ್ ಹಬ್ಬದ ಹಿಂದಿನ ಸಂಜೆಯೊಳಗೆ, ನೋಟೀಸು ಒಕ್ಕಲಿನ ಕೈ ಸೇರಬೇಕು. ತಪ್ಪಿದರೆ ಇನ್ನೊಂದು ವರ್ಷ ಅವನನ್ನು ಅಲುಗಾಡಿಸುವಂತಿಲ್ಲ. ಒಂಬತ್ತು ತಿಂಗಳು ಸಮಯವಿತ್ತು. ಆಕ್ಟೇವಿಯಾ ಕಣ್ಣಿಟ್ಟಳು.

ಚಳಿಗಾಲವೆಲ್ಲ ಬುಟ್ಟಿ ನೆದರ್‌ವುಡ್ ದಾರಿ ಹಿಡಿಯಿತು. ಬೇಲಿ ನೀಟಾಗಿ ಕತ್ತರಿಸಿತ್ತು. ಗೇಟುಗಳ ಕೀಲಿಗೆ ಎಣ್ಣೆ ಬಿದ್ದಿತ್ತು. ಕಾಲುವೆಯಲ್ಲಿ ಒಂದು ಎಲೆ ನಿಂತಿರಲಿಲ್ಲ. ಸೇಬಿನ ತೋಟದಲ್ಲಿ ಏಬಲ್‌ನ ಅಪ್ಪ ಕಸಿ ಕಟ್ಟಿದ ಮರಗಳ ಬುಡಕ್ಕೆ ಹೊಸ ಮಣ್ಣು. ತಪ್ಪು ಹುಡುಕಲು ಹೋದವಳಿಗೆ ಸಿಕ್ಕಿದ್ದು ಒಂದೇ: ಟರ್ನಿಪ್ ಹೊಲದಲ್ಲಿ, ತೋಪಿನ ಪಕ್ಕದ ಆರು ಸಾಲುಗಳಲ್ಲಿ ಒಂದು ಗಡ್ಡೆಯೂ ಪೂರ್ತಿ ಉಳಿದಿರಲಿಲ್ಲ. ಅದು ಏಬಲ್‌ನ ತಪ್ಪಲ್ಲ.

ಏಬಲ್‌ನ ಹೆಂಡತಿ ಹಲ್ಡಾ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದಳು, ಒಳಗೆ ಕರೆಯುತ್ತಿರಲಿಲ್ಲ. "ನಮ್ಮನೇಲಿ ಯಾರಿಗೂ ಕಾಯಿಲೆ ಇಲ್ಲ ಅಮ್ಮಾವ್ರೆ. ಸಾರು ಬೇಕಾಗಿಲ್ಲ."

"ಬೇಕಾದಾಗ ಕೇಳು."

"ಸಾಯೋ ಹಾಗಾದ್ರೂ ಕೇಳಲ್ಲ."

ಜೂನ್ ತಿಂಗಳಲ್ಲಿ ಜಮೀನು ಹಿಡಿಯುವ ಆಸೆಯವರು ಯಾರೋ ಬಂದು ನೆದರ್‌ವುಡ್ ಹೊಲದಂಚಿನಲ್ಲಿ ನಿಂತು ನೋಡಿ ಹೋದರು ಎಂದು ಸುದ್ದಿಯಾಯಿತು. ಮರುದಿನ ಏಬಲ್ ಭಾನುವಾರದ ಕೋಟು ಹಾಕಿಕೊಂಡು ದೊಡ್ಡ ಮನೆಗೆ ಬಂದ. ಅವನು ದಾರಿಯಲ್ಲಿ ಬರುವುದು ಕಂಡ ಕೂಡಲೇ ಲಯನೆಲ್, "ನಾನು ಲಂಡನ್ನಿನಲ್ಲಿದೀನಿ ಅಂತ ಹೇಳು ಟೇವಿ" ಎಂದು ಹಿಂಬಾಗಿಲಿನಿಂದ ದ್ರಾಕ್ಷಿ ಬೆಳೆಸುವ ಗಾಜಿನ ಮನೆಯೊಳಗೆ ಹೋದ.

ಏಬಲ್ ಹಜಾರದ ನಡುವೆ ಟೋಪಿ ಹಿಡಿದು ನಿಂತಿದ್ದ.

"ಧಣಿಯವರನ್ನ ನೋಡ್ಬೇಕಿತ್ತು, ಮಿಸ್ ಆಕ್ಟೇವಿಯಾ."

"ಅವರು ಲಂಡನ್ನಿನಲ್ಲಿದ್ದಾರೆ."

"ಹಂಗಾದ್ರೆ ಲಂಡನ್ ಬಾಳ ಹತ್ರ ಬಂದೈತೆ ಕಣಮ್ಮ. ಈಗ ಬರುವಾಗ ಗಾಜಿನ ಮನೇಲಿ ಚುಟ್ಟಾ ಸೇದ್ತಿತ್ತು."

ಆಕ್ಟೇವಿಯಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಹೇಳೋದಿದ್ರೆ ನನ್ನ ಹತ್ರ ಹೇಳು."

"ನಿಮ್ಮ ಹತ್ರ ಹೇಳೋದೇನೈತೆ? ನಿಮಗೆ ಎಲ್ಲಾ ಮೊದಲೇ ಗೊತ್ತಿರ್ತೈತಲ್ಲ." ಅವನು ಟೋಪಿಯನ್ನು ತಿರುಗಿಸಿದ. "ಹೊಲ ಹೋದ್ರೆ ಇನ್ನೊಂದು ಕಡೆ ಹೊಲ ಸಿಗ್ತೈತೆ. ಅಪ್ಪ ಕಸಿ ಕಟ್ಟಿದ ಮರಾನ ಬಂಡೀಲಿ ಹೇರ್ಕಂಡು ಹೋಗಕಾಯ್ತದಾ? ಹತ್ತು ವರ್ಷ ಕಾದ್ರು ಆ ಮರ ಮೈತುಂಬ ಕಾಯಿ ಬಿಡಾಕೆ. ಅಷ್ಟೇ ಹೇಳಿ ಅವರಿಗೆ. ಲಂಡನ್ನಿಂದ ಬಂದ ಮೇಲೆ."

ಹೊಸ್ತಿಲಲ್ಲಿ ನಿಂತು ಅವನು ತಿರುಗಿದ. "ಚಾವಟಿ ಏಟಿನ ದಿನ ನೀವು ಕಿಟಕೀಲಿ ಇದ್ರಿ. ನಾನು ನೋಡ್ದೆ. ವೋಟಿನ ದಿನಾನೂ ಕಿಟಕೀಲಿ ಇದ್ರಿ. ಜೀವಮಾನವೆಲ್ಲ ಕಿಟಕೀಲೇ ಕಳೆದ್ರಲ್ಲ ಅಮ್ಮ."

ಅವಳು ಬಾಗಿಲು ಹಾಕಿಕೊಂಡಳು. ಗಾಜಿನ ಮನೆಗೆ ಹೋಗಿ, "ಹೋದ. ಇನ್ನು ಬರಬಹುದು" ಎಂದು ತಮ್ಮನನ್ನು ಕರೆದಳು. ಮರದ ಮಾತನ್ನು ಹೇಳಿದಳು. ಲಯನೆಲ್‌ನ ಕಣ್ಣು ತೇವವಾಯಿತು. "ಪಾಪ, ಏಬಲ್" ಎಂದ. ಮರುಕ್ಷಣ, "ಕಾರಣ ಏನಾದ್ರೂ ಸಿಕ್ತಾ?" ಎಂದ.

ಜುಲೈ ಕೊನೆಯ ವಾರ ಪಾದ್ರಿ ಡ್ಯಾನ್ಸಿ ಊಟಕ್ಕೆ ಬಂದಿದ್ದ. ಊಟದ ನಂತರ ಗಂಡಸರಿಬ್ಬರೂ ಹೊರಜಗಲಿಯಲ್ಲಿ ಕೂತರು. ಅದರ ಮೇಲಿನ ಕೋಣೆಯಲ್ಲಿ, ತೆರೆದ ಕಿಟಕಿಯ ಪಕ್ಕ, ಆಕ್ಟೇವಿಯಾ ತಮ್ಮನ ಹೆಸರಿನಲ್ಲಿ ಯಾರಿಗೋ ಸಂತಾಪದ ಕಾಗದ ಬರೆಯುತ್ತಿದ್ದಳು.

"ಪ್ರೀಸ್‌ನ ಬಿಡಿಸ್ತೀರಿ ಅಂತ ಊರಲ್ಲಿ ಮಾತು" ಎಂದ ಪಾದ್ರಿ. "ಮೂರು ತಲೆಮಾರಿನವರು. ಚೆನ್ನಾಗಿ ಕಾಣಲ್ಲ ಬರ್ಹೋಪ್."

"ನಾನೇನು ಮಾಡ್ಲಿ ಹೇಳಿ? ಏಬಲ್ ಅಂದ್ರೆ ನನಗೆ ಪ್ರಾಣ. ಟೇವಿ ಹಠ ಹಿಡಿದು ಕೂತಿದ್ದಾಳೆ. ಎಂಟು ತಿಂಗಳಿಂದ ಅವಳನ್ನ ತಡೆದು ಇಟ್ಟಿರೋದೇ ನಾನು."

"ಮಿಸ್ ಆಕ್ಟೇವಿಯಾ ಸ್ವಲ್ಪ ಬಿರುಸು, ನಿಜ."

"ಮದುವೆ ಇಲ್ಲ, ಮಕ್ಕಳಿಲ್ಲ. ಹಾಲು ಹೆಚ್ಚು ದಿನ ಇಟ್ರೆ ಹುಳಿ ಬರದೆ ಇರುತ್ತಾ? ನಾನು ಸಹಿಸ್ಕೋತೀನಿ. ಎಷ್ಟಾದ್ರೂ ಅಕ್ಕ."

ಪಾದ್ರಿ ಮೆಲ್ಲಗೆ ನಕ್ಕ ಸದ್ದು ಕೇಳಿಸಿತು. ಆಕ್ಟೇವಿಯಾ ಸಂತಾಪದ ಕಾಗದ ಮುಗಿಸಿದಳು. ನಿಮ್ಮ ದುಃಖದಲ್ಲಿ ನನ್ನ ಹೃದಯವೂ ಪಾಲುಗೊಂಡಿದೆ ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಮಸಿ ಒಣಗಿಸಿದಳು. ಆಮೇಲೆ ಇನ್ನೊಂದು ಹಾಳೆ ತೆಗೆದು ನೆದರ್‌ವುಡ್‌ನ ನೋಟೀಸು ಬರೆದಳು. ಕಾರಣ ಬರೆಯುವ ಕಡೆ ಒಂದು ಸಾಲು ಖಾಲಿ ಬಿಟ್ಟಳು.

ಕೊನೆಯ ದಿನ ಶನಿವಾರ ಬಿತ್ತು. ಬುಟ್ಟಿಯ ದಿನವಲ್ಲ. ಆದರೂ ಅವಳು ಸಾರಿನ ಪಾತ್ರೆ, ಫ್ಲಾನೆಲ್ ತುಂಡು ಬುಟ್ಟಿಗೆ ಹಾಕಿಕೊಂಡು ಮಧ್ಯಾಹ್ನ ಹೊರಟಳು. ನೋಟೀಸು ಅವಳ ಜೇಬಿನಲ್ಲಿತ್ತು. ಊರ ರಸ್ತೆ ಬಿಟ್ಟು ತೋಪಿಗೂ ಟರ್ನಿಪ್ ಹೊಲಕ್ಕೂ ನಡುವಿನ ಬೇಲಿಯ ದಾರಿ ಹಿಡಿದಳು. ಆರು ಸಾಲು ಈ ವರ್ಷ ಒಂಬತ್ತಾಗಿತ್ತು. ಎಳೆಯ ಎಲೆಗಳನ್ನು ಮೊಲಗಳು ಬುಡದವರೆಗೆ ಮೇಯ್ದಿದ್ದವು.

ಬೇಲಿಯಲ್ಲಿ ಮೊಲ ನುಸುಳುವ ಕಂಡಿಯೊಂದಿತ್ತು. ಅಲ್ಲಿ ಹುಲ್ಲು ಒಂದು ಬಗೆಯಲ್ಲಿ ಬಾಗಿತ್ತು. ಅವಳು ಛತ್ರಿಯ ತುದಿಯಿಂದ ಹುಲ್ಲು ಸರಿಸಿದಳು. ದೊಡ್ಡ ಗಂಡು ಮೊಲ, ಕುತ್ತಿಗೆಗೆ ತಂತಿ. ಮೈ ಇನ್ನೂ ಬೆಚ್ಚಗಿತ್ತು.

ತಂತಿಯ ತುದಿಯನ್ನು ಮೂರು ಸುತ್ತು ಎಡಕ್ಕೆ ಹೊಸೆದಿತ್ತು. ಏಬಲ್ ಎಡಚ. ಆ ಊರಿನಲ್ಲಿ ಹಾಗೆ ಹೊಸೆಯುವವನು ಅವನೊಬ್ಬನೇ. ಒಂಬತ್ತು ತಿಂಗಳು ಹುಡುಕಿದ ಕಾರಣ ಕಾಲ ಬಳಿ ಬಿದ್ದಿತ್ತು, ಮರ್ಯಾದೆಯ ಕಾರಣ, ಪೇಪರಿನವರೂ ಬಾಯಿ ಮುಚ್ಚುವಂಥದ್ದು. ಬೇಟೆ ಕಾವಲಿನವನ ಮನೆ ಕೂಗಿದರೆ ಕೇಳುವಷ್ಟು ದೂರ. ಹೊತ್ತು ಮುಳುಗಲು ಇನ್ನೂ ಐದು ತಾಸಿತ್ತು.

ಅವಳು ಕೈಗವುಸು ಬಿಚ್ಚಿ ಮಂಡಿಯೂರಿದಳು. ಮೂರು ಸುತ್ತನ್ನು ಬಲಕ್ಕೆ ಬಿಡಿಸಿದಳು. ಬೆರಳಿಗೆ ಮರೆತಿರಲಿಲ್ಲ. ಮೊಲವನ್ನು ಬುಟ್ಟಿಯಲ್ಲಿ ಮಡಿಸಿಟ್ಟು ಮೇಲೆ ಫ್ಲಾನೆಲ್ ಹೊದಿಸಿ, ತಂತಿಯನ್ನು ಜೇಬಿಗೆ ಹಾಕಿ ಎದ್ದಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ತೋಪಿನ ಒಳದಾರಿಯಿಂದ ಲಯನೆಲ್ ಬಂದ, ಮುಂದೆ ಅವನ ನಾಯಿ ಜೂನೋ.

"ಟೇವಿ! ಇವತ್ತೇ ಕೊನೇ ದಿನ ಅಲ್ವಾ? ಏನಾದ್ರೂ...?"

"ಏನೂ ಇಲ್ಲ. ಹೊಲದಂಚಿನಲ್ಲಿ ನಾಲ್ಕು ಮುಳ್ಳುಗಿಡ, ಅಷ್ಟೇ."

ಜೂನೋ ನೇರವಾಗಿ ಬುಟ್ಟಿಗೆ ಬಂದು ಮೂಗು ತೂರಿಸಿತು. ಬಾಲ ಬಡಿಯತೊಡಗಿತು.

"ಏನಿದೆ ಅದರಲ್ಲಿ? ಹುಚ್ಚು ಹಿಡಿದ ಹಾಗಾಡ್ತಿದೆ."

"ಸಾರಿನ ಮೂಳೆ. ನಿನ್ನ ನಾಯಿಗೆ ಬಡವರ ಪಾಲೇ ರುಚಿ." ಅವಳು ಛತ್ರಿ ಎತ್ತಿ ನಾಯಿಯ ಬೆನ್ನಿಗೆ ಒಂದು ಬಿಗಿದಳು. ಅದು ಕುಂಯ್‌ಗುಟ್ಟಿ ಯಜಮಾನನ ಹಿಂದೆ ಸೇರಿತು.

"ಹೊಡೀಬೇಡ ಟೇವಿ, ಪಾಪ." ಲಯನೆಲ್ ನಿಟ್ಟುಸಿರು ಬಿಟ್ಟ. ಅವನ ಮುಖದಲ್ಲಿ ಬೇಸರವೂ ಇತ್ತು, ನೆಮ್ಮದಿಯೂ ಇತ್ತು. "ಸರಿ ಬಿಡು. ಈ ವರ್ಷ ಅವನು ಇರಲಿ. ಕ್ಯಾಂಡಲ್‌ಮಾಸ್ ಊಟದ ದಿನ ಎಲ್ಲರ ಎದುರಿಗೆ ಹೇಳ್ತೀನಿ, ಏಬಲ್ ಎಲ್ಲೂ ಹೋಗಲ್ಲ ಅಂತ. ಎಷ್ಟಾದ್ರೂ ಹಾಲಿನ ನಂಟು. ಧಣಿ ಮನಸ್ಸು ದೊಡ್ಡದು ಅಂತಾರೆ, ಅಲ್ವಾ?"

"ಅಂತಾರೆ."

"ನಿನ್ನ ಮೇಲೆ ಸ್ವಲ್ಪ ಮಾತು ಬರಬಹುದು. ನೀನು ಬಿಡಿಸೋಕೆ ಹೊರಟಿದ್ದೆ, ನಾನು ಬಿಡಲಿಲ್ಲ ಅಂತ ಜನ ತಿಳ್ಕೊಂಡಿದ್ದಾರೆ."

"ಯಾರು ಹೇಳಿದ್ರೋ ಅವರಿಗೆ."

ಲಯನೆಲ್ ತನ್ನ ಬೂಟು ನೋಡಿಕೊಂಡ. ಆಮೇಲೆ ನಾಯಿಯನ್ನು ಕರೆದುಕೊಂಡು ಚಹದ ಹೊತ್ತಾಯಿತೆಂದು ಮನೆ ಕಡೆ ಹೋದ.

ಮೊಲವನ್ನು ಬೇಲಿಯಾಚೆ ಎಸೆದು ಅವಳೂ ಚಹಕ್ಕೆ ಹೋಗಬಹುದಿತ್ತು. ನರಿ ತಿನ್ನುತ್ತಿತ್ತು. ತಮ್ಮನ ಮೇಲಿನ ಸಿಟ್ಟಿಗೆ ಅಷ್ಟು ಸಾಕಾಗುತ್ತಿತ್ತು. ಅವಳು ಹೊಲ ದಾಟಿ, ಸೇಬಿನ ಮರಗಳ ನಡುವೆ ನಡೆದು, ನೆದರ್‌ವುಡ್‌ನ ಹಿಂಬಾಗಿಲಿಗೆ ಬಂದಳು. ಹಲ್ಡಾ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಇವಳನ್ನು ಕಂಡು ಮಡಿಲಿನ ಸಿಪ್ಪೆ ಕೆಳಗೆ ಚೆಲ್ಲಿದರೂ ನೋಡದೆ ಎದ್ದಳು.

"ತಂದಿದೀರಾ ನೋಟೀಸು? ಕೊಡಿ. ಸಂಜೆ ಒಳಗೆ ಕೊಡ್ಬೇಕಲ್ಲ, ಕಾನೂನು."

ಆಕ್ಟೇವಿಯಾ ಕರೆಸಿಕೊಳ್ಳದೆ ಒಳಗೆ ಬಂದಳು. ಫ್ಲಾನೆಲ್ ತೆಗೆದು ಮೊಲವನ್ನು ಮೇಜಿನ ಮೇಲಿಟ್ಟಳು. ಪಕ್ಕಕ್ಕೆ ತಂತಿಯನ್ನಿಟ್ಟಳು.

ಹಲ್ಡಾಳ ಮುಖ ಬಿಳಿಚಿತು. "ಏನಿದು?"

"ಮೊಲ."

"ಕಣ್ಣು ಐತೆ ನಂಗೆ. ನಮ್ಮ ಮೇಜಿನ ಮೇಲೆ ಯಾಕೆ ಬಂತು ಅಂತ ಕೇಳಿದ್ದು." ಅವಳು ಕಿಟಕಿಗೆ ಓಡಿ ಹೊರಗೆ ಇಣುಕಿದಳು. "ಎಲ್ಲಿ ನಿಲ್ಸಿದೀರಿ ಕಾವಲಿನವನ್ನ? ಹಿತ್ತಲಲ್ಲಾ? ಕೊಟ್ಟಿಗೇಲಾ? ಮೊಲ ನಮ್ಮನೇಲಿ ಸಿಗ್ಬೇಕು, ನನ್ನ ಗಂಡ ಜೈಲಿಗೋಗ್ಬೇಕು, ಅಷ್ಟೇ ತಾನೇ? ತಗಂಡೋಗ್ರಿ! ನಾನು ಮುಟ್ಟಲ್ಲ ಅದನ್ನ."

"ಯಾರೂ ಇಲ್ಲ."

"ಹದಿನೈದು ವರ್ಷದಿಂದ ನೋಡ್ತಿದೀನಿ ನಿಮ್ಮ ಬುಟ್ಟೀನ. ನಂಬ್ತೀನಾ?"

ನಂಬಬೇಕಾದ ಕಾರಣ ಏನೂ ಇರಲಿಲ್ಲ. ಆಕ್ಟೇವಿಯಾ ಅದನ್ನು ವಾದಿಸಲಿಲ್ಲ. ಟೋಪಿ ತೆಗೆದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದಳು. ರೇಷ್ಮೆಯ ತೋಳುಗಳನ್ನು ಮೊಣಕೈ ತನಕ ಮಡಚಿದಳು. ಗೋಡೆಯ ಮೊಳೆಯಲ್ಲಿ ಚಾಕು ಏಬಲ್‌ನ ತಾಯಿಯ ಕಾಲದ ಅದೇ ಜಾಗದಲ್ಲಿ ತೂಗುತ್ತಿತ್ತು. ಮೊಲದ ಹಿಂಗಾಲಿನ ಕೀಲಿನ ಸುತ್ತ ಒಂದು ಗೆರೆ ಎಳೆದು, ಬೆರಳು ತೂರಿಸಿ, ಚರ್ಮವನ್ನು ಕಾಲುಚೀಲ ಬಿಚ್ಚಿದ ಹಾಗೆ ಒಂದೇ ಎಳೆತಕ್ಕೆ ಕತ್ತಿನವರೆಗೆ ಎಳೆದಳು. ಬಿಳಿ ಕೊರಳಪಟ್ಟಿಗೆ ರಕ್ತ ಚಿಮ್ಮಿತು. ಚರ್ಮವನ್ನೂ ತಂತಿಯನ್ನೂ ಜೇಬಿನಲ್ಲಿದ್ದ ನೋಟೀಸನ್ನೂ ಒಟ್ಟಿಗೆ ಒಲೆಗೆ ಹಾಕಿದಳು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು.

"ಈಗ ಕೂಗು ಕಾವಲಿನವನ್ನ" ಎಂದಳು. "ರಕ್ತ ಯಾರ ಕೈಲಿದೆ ಅಂತ ಅವನೇ ನೋಡ್ಲಿ."

ಹಲ್ಡಾ ಕಿಟಕಿಯ ಬಳಿಯೇ ನಿಂತಿದ್ದಳು.

"ಸುಮ್ಮನೆ ನಿಂತು ನೋಡ್ತೀಯಲ್ಲ" ಎಂದಳು ಆಕ್ಟೇವಿಯಾ, ಎಂದಿನ ಗಡಸು ದನಿಯಲ್ಲೇ. "ಈರುಳ್ಳಿ ತಾ."